ಖಾರದ ಡಬ್ಬಿಯ ಹನ್ನೊಂದನೇ ಫೋನು

ಮೈಲಾರೆಪ್ಪನಿಗೆ ಮೊಬೈಲ್ ಫೋನು ಕಂಡರಾಗದು ಎಂದು ಕ್ವಾರಿಗೆ ಬರುವವರೆಲ್ಲ ತಿಳಿದಿದ್ದರು. ಅದು ಶುದ್ಧ ಸುಳ್ಳು. ಅವನ ಕಿಸೆಯಲ್ಲೂ ಒಂದು ಗುಂಡಿ ಫೋನಿತ್ತು. ಸಂಜೆ ಮನೆ ಸೇರಿದ ಮೇಲೆ ಹೊಸರಿತ್ತಿಯ ಅಳಿಯನ ಜೊತೆ ಅರ್ಧ ತಾಸು ಹರಟದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಆದರೆ ಬ್ಯಾಡಗಿ ಕಡೆಯ ಆ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಕೊರೆದ ಕುಳಿಗಳಿಗೆ ಸಿಡಿಮದ್ದು ತುಂಬುವ ಹೊತ್ತು ಬಂತೆಂದರೆ ಅವನು ಬೇರೆಯೇ ಮನುಷ್ಯ. ಮಾಲಕ ಎದುರಿಗೆ ನಿಂತಿದ್ದರೂ ಸರಿಯೇ, ಕೈ ಚಾಚಿ "ಫೋನ್ ತಗೀರಿ" ಎನ್ನುತ್ತಿದ್ದ. ಹೊಸ ಲಾರಿ ಡ್ರೈವರೊಬ್ಬ ಒಮ್ಮೆ, ಹೆಂಡತಿಯನ್ನು ಹೆರಿಗೆಗೆ ಸೇರಿಸಿದೆ, ದವಾಖಾನೆಯಿಂದ ಫೋನು ಬರುವುದಿದೆ ಎಂದು ಗೋಗರೆದ. "ಹಡಿಯಾಕಿ ಆಕಿ, ನೀ ಅಲ್ಲ. ಹಾಕು ಡಬ್ಬಿಯೊಳಗ" ಎಂದ ಮೈಲಾರೆಪ್ಪ. ಗಂಡು ಹುಟ್ಟಿದ ಸುದ್ದಿ ಡ್ರೈವರನಿಗೆ ಮುಕ್ಕಾಲು ತಾಸು ತಡವಾಗಿ ತಿಳಿಯಿತು, ಅಷ್ಟೇ. ಕೂಸಿಗೇನೂ ಆಗಲಿಲ್ಲ.

ಡಬ್ಬಿ ಎಂದರೆ ಮುಚ್ಚಳದ ದೊಡ್ಡ ತಗಡಿನ ಡಬ್ಬಿ. ಅದನ್ನು ಕೊಟ್ಟವಳು ದುರುಗೇಶನ ಹೆಂಡತಿ ಪ್ರೇಮವ್ವ. ದುರುಗೇಶ ಹನ್ನೆರಡು ವರ್ಷದಿಂದ ಮೈಲಾರೆಪ್ಪನ ಕೈಕೆಳಗೆ ಕೆಲಸ ಮಾಡುವವನು. ಪ್ರೇಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದವಳು. ಹಾಗಾಗಿ ಡಬ್ಬಿಯಲ್ಲಿ ಅದಕ್ಕೆ ಮೊದಲು ತುಂಬಿದ್ದದ್ದು ಖಾರದ ಪುಡಿ. ಎಷ್ಟು ತೊಳೆದರೂ ಘಾಟು ಹೋಗಲಿಲ್ಲ. ಕೆಲಸ ಮುಗಿದ ಮೇಲೆ ಫೋನು ತೆಗೆದು ಕಿವಿಗೆ ಹಿಡಿದವರು ಹಲೋ ಎನ್ನುವ ಮೊದಲು ಸೀನುತ್ತಿದ್ದರು. ರಸ್ತೆಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುವ ಕೊಟ್ರಪ್ಪ, ನಾಲ್ಕು ಜನ ಸೀನಿದ್ದು ಕೇಳಿದರೆ ಬಾವುಟ ಮಡಚಬಹುದು ಎಂದು ಚೇಷ್ಟೆ ಮಾಡುತ್ತಿದ್ದ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಅವರದು ವೈರಿನ ಕೇಪಿನ ಕೆಲಸ. ಕೇಪು ಎಂದರೆ ಬೀಡಿಯಷ್ಟುದ್ದದ ತಗಡಿನ ನಳಿಗೆ, ಅದರ ಬಾಲಕ್ಕೆ ಎರಡು ವೈರು. ಅದಕ್ಕೆ ಚೂರು ಕರೆಂಟು ತಾಗಿದರೆ ಸಾಕು, ತಾನು ಸಿಡಿದು ಕುಳಿಯ ಮದ್ದನ್ನೆಲ್ಲ ಎಬ್ಬಿಸುತ್ತದೆ. ಆ ಕರೆಂಟು ಸಿಡಿಸುವ ಪೆಟ್ಟಿಗೆಯಿಂದಲೇ ಬರಬೇಕೆಂದಿಲ್ಲ. ಗಾಳಿಯಲ್ಲಿ ಹರಿದಾಡುವ ರೇಡಿಯೋ ಅಲೆಯನ್ನು ಬರೀ ವೈರೇ ಹಿಡಿದು ಕರೆಂಟು ಮಾಡಿಕೊಳ್ಳಬಹುದು. ಇದನ್ನು ಮೈಲಾರೆಪ್ಪ ಮೂವತ್ತು ವರ್ಷದ ಹಿಂದೆ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ, ಪಾಸಾಗಿದ್ದ, ಸಿಡಿಮದ್ದಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕದರಮಂಡಲಗಿ ಹನುಮಪ್ಪನ ಫೋಟೋದ ಪಕ್ಕ ತೂಗುಹಾಕಿದ್ದ. ಅದರ ಒಳಗುಟ್ಟು ಅವನಿಗೆ ಪೂರ್ತಿ ತಿಳಿದಿತ್ತು ಎಂದು ನಾನು ಹೇಳಲಾರೆ. ಯಾರಾದರೂ ಕೇಳಿದರೆ "ವೈರಿಗೆ ಕಿವಿ ಇರ್ತಾವ" ಎಂದುಬಿಡುತ್ತಿದ್ದ. ಆದರೆ ಮಾಡುವುದನ್ನು ಮಾತ್ರ ಪೂಜೆಯಂತೆ ಮಾಡುತ್ತಿದ್ದ. ಕೇಪಿನ ಎರಡು ತುದಿಗಳನ್ನು ಕೊನೆಯ ಗಳಿಗೆಯವರೆಗೂ ಒಂದಕ್ಕೊಂದು ಹೊಸೆದೇ ಇಡಬೇಕು. ವೈರು ನೆಲಕ್ಕೆ ಅಂಟಿಕೊಂಡು ಹೋಗಬೇಕು, ಗಿಡಗಂಟಿಯ ಮೇಲೆ ಜೋತಾಡಬಾರದು. ಮೋಡ ಗುಡುಗಿದರೆ ಎಲ್ಲರೂ ಎದ್ದು ನಡೆಯಬೇಕು. ಫೋನುಗಳೆಲ್ಲ ಡಬ್ಬಿಯಲ್ಲಿ, ಡಬ್ಬಿ ದೂರದ ಶೆಡ್ಡಿನಲ್ಲಿ. ಹನ್ನೊಂದು ಜನ, ಹನ್ನೊಂದು ಫೋನು. ಎಣಿಸದೆ ಮುಚ್ಚಳ ಹಾಕುತ್ತಿರಲಿಲ್ಲ.

ಸಿಡಿಸುವುದು ಮಧ್ಯಾಹ್ನ ಹನ್ನೆರಡರ ಮೇಲೆ, ಕದರಮಂಡಲಗಿ ಬಸ್ಸು ರಸ್ತೆ ದಾಟಿದ ನಂತರ. ಅದೇ ಹೊತ್ತಿಗೆ ಪ್ರೇಮವ್ವ ಬ್ಯಾಡಗಿಯಿಂದ ಹೊರಡುವ ಟೆಂಪೋದಲ್ಲಿ ಗಂಡನ ಬುತ್ತಿ ಇಟ್ಟು, ಅವನಿಗೆ ಮೂರು ಮಿಸ್ ಕಾಲ್ ಕೊಡುತ್ತಿದ್ದಳು. ಮೂರು ಬಂದರೆ ಬುತ್ತಿ ಹೊರಟಿತು ಎಂದರ್ಥ. ಈಗ ಮಾತಿಗೆ ಬೇರೆ ರೊಕ್ಕ ಹೋಗುವುದಿಲ್ಲ, ಆದರೂ ಹಳೇ ರೂಢಿ ಬಿಟ್ಟಿರಲಿಲ್ಲ. ಎಷ್ಟೋ ದಿನ ಆ ಕರೆಗಳು ಡಬ್ಬಿಯೊಳಗೇ ಬಾರಿಸಿಕೊಂಡು ಸುಮ್ಮನಾಗುತ್ತಿದ್ದವು.

ಹೀಗಿರುವಾಗ ಮ್ಯಾನೇಜರ್ ಸಿದ್ದಲಿಂಗೇಶ ಹುಬ್ಬಳ್ಳಿಯಿಂದ ಎರಡು ವಾಕಿಟಾಕಿ ತಂದ. ಒಂದು ಮೈಲಾರೆಪ್ಪನಿಗೆ, ಇನ್ನೊಂದು ರಸ್ತೆಯ ಮೇಲಿನ ಕೊಟ್ರಪ್ಪನಿಗೆ. "ಫೋನ್ ಬ್ಯಾಡ ಅಂತೀರಲ್ಲ ಕಾಕಾ, ತಗೋರಿ. ಇದು ಸೇಫ್ಟಿ ಸಾಮಾನು" ಎಂದ. ಅದು ಪೊಲೀಸರ ಸೊಂಟದಲ್ಲಿರುವಂಥದ್ದು, ಸಿಮ್ಮಿಲ್ಲ, ಹಾಡಿಲ್ಲ, ವಿಡಿಯೋ ಇಲ್ಲ. ಮೈಲಾರೆಪ್ಪನ ಲೆಕ್ಕದಲ್ಲಿ ಅಪಾಯವೆಂದರೆ ಮೊಬೈಲು, ಇದು ಮೊಬೈಲಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಹುಡುಗನಂತೆ ಎದೆ ಉಬ್ಬಿಸಿ ತಿರುಗಿದ. ಬಾವುಟ, ಸೀಟಿ ಎಲ್ಲ ಮೂಲೆ ಸೇರಿದವು. ಯಾರಿಗೂ ಸಂಶಯ ಬರಲಿಲ್ಲ. ನಿಮಗೂ ನನಗೂ ಬರುತ್ತಿರಲಿಲ್ಲ ಬಿಡಿ.

ವಾಕಿಟಾಕಿ ಬಂದ ಒಂಬತ್ತನೇ ದಿನ. ಎರಡು ವರ್ಷದ ಹಿಂದಿನ ಮಾತು. ಕುಳಿಗಳಿಗೆ ಮದ್ದು ಇಳಿದಿತ್ತು. ಫೋನು ಎಣಿಸಿ ಆಗಿತ್ತು, ಉಳಿದವರೆಲ್ಲ ದೂರ ಹೋಗಿದ್ದರು. ತುದಿ ಬಿಚ್ಚಿ ಉದ್ದ ವೈರಿಗೆ ಕಟ್ಟುವುದು ಸರ್ಟಿಫಿಕೇಟ್ ಇದ್ದವನ ಕೆಲಸ, ಅಂದರೆ ಮೈಲಾರೆಪ್ಪನದು. ಆದರೆ ಆ ಚಳಿಗಾಲದಿಂದ ಅವನ ಮೊಣಕಾಲು ಮಡಚಲು ಕೇಳುತ್ತಿರಲಿಲ್ಲ. "ಕುಂದ್ರು ಕಾಕಾ, ನಾ ಕಟ್ತೀನಿ. ನಿನ್ನ ಮೊಣಕಾಲು ಸಿಡಿಯೋ ಸಪ್ಪಳಕ್ಕ ಕೇಪು ಹಾರಿದ್ರ ಏನು ಮಾಡೂದು?" ಎಂದ ದುರುಗೇಶ. ಮೈಲಾರೆಪ್ಪ ನಕ್ಕು, ಹದಿನೈದು ಹೆಜ್ಜೆ ಆಚೆ ಬಂಡೆಯ ಮರೆಗೆ ಕುಳಿತ. ಉದ್ದ ವೈರಿನ ಸುರುಳಿ ಅವನ ಕಾಲ ಬುಡದಲ್ಲೇ ಇತ್ತು. ದುರುಗೇಶ "ಕಟ್ಟಿದೆ" ಎಂದ. ಮೈಲಾರೆಪ್ಪ ವಾಕಿಟಾಕಿ ಬಾಯ ಹತ್ತಿರ ತಂದು ಗುಂಡಿ ಒತ್ತಿ, "ಕೊಟ್ರಪ್ಪಾ, ಬಸ್ಸು ಹೋತೇನು" ಎನ್ನಲು ಬಾಯಿ ತೆರೆದ. 'ಬಸ್ಸು' ಎನ್ನುವವರೆಗೆ ಮಾತು ಬಂದಿತ್ತು.

ಆಮೇಲಿನದನ್ನು ಅವನು ಯಾರಿಗೂ ವಿವರಿಸಿಲ್ಲ. ನಾನೂ ವಿವರಿಸುವುದಿಲ್ಲ.

ಅವನ ಎರಡೂ ಕಿವಿ ಮುಚ್ಚಿಹೋಗಿದ್ದವು. ಜನ ಓಡುತ್ತಿದ್ದರು, ಬಾಯಿ ತೆರೆದು ಒದರುತ್ತಿದ್ದರು, ಒಂದೂ ಕೇಳುತ್ತಿರಲಿಲ್ಲ. ಯಾರೋ ಅವನನ್ನು ಶೆಡ್ಡಿನಲ್ಲಿ ಡಬ್ಬಿಯ ಪಕ್ಕ ಕೂರಿಸಿ ಹೋದರು. ಒಬ್ಬೊಬ್ಬರೇ ಬಂದು ಮುಚ್ಚಳ ತೆಗೆದು ತಮ್ಮ ತಮ್ಮ ಫೋನು ಎತ್ತಿಕೊಂಡರು, ಅಂಬುಲೆನ್ಸಿಗೋ ಪೊಲೀಸರಿಗೋ ಕರೆ ಮಾಡಲು. ಸೀನಿದರೋ ಇಲ್ಲವೋ ಗೊತ್ತಾಗಲಿಲ್ಲ. ಕೊನೆಗೆ ಅವನು ತನ್ನದನ್ನೂ ತೆಗೆದ. ತಳದಲ್ಲಿ ಒಂದು ಉಳಿದಿತ್ತು. ನೋಡುತ್ತಿದ್ದಂತೆ ಅದು ಬೆಳಗಿತು. 'ಪ್ರೇಮಾ' ಎಂದು ಮೂಡಿತು, ಆರಿತು. ಮತ್ತೆ ಮೂಡಿತು, ಆರಿತು. ಮೂರು ಸಲ. ಬುತ್ತಿ ಹೊರಟಿತ್ತು.

ಅವನು ಆ ಫೋನನ್ನು ಕಿಸೆಗೆ ಹಾಕಿಕೊಂಡ.

ಎರಡು ದಿನ ಬಿಟ್ಟು ಸಿದ್ದಲಿಂಗೇಶ ಮನೆಗೆ ಬಂದ. ಬಲಗಿವಿ ಸ್ವಲ್ಪ ತೆರೆದಿತ್ತು. ಅದರ ಹತ್ತಿರ ಬಾಯಿಟ್ಟು, ಗುಟ್ಟಿನ ಮಾತನ್ನು ಒದರಿ ಹೇಳಬೇಕಾಯಿತು. "ದುರುಗೇಶ ಕಿಸೇದಾಗ ಫೋನ್ ಮುಚ್ಚಿಟ್ಟಿದ್ದ, ಅದು ರಿಂಗ್ ಹೊಡಕೊಂಡು ಹಿಂಗಾತು ಅಂತ ಪೊಲೀಸರ ಕಾಗದದಾಗ ಬರಸೂಣು ಕಾಕಾ. ಇಲ್ಲಾಂದ್ರ ವೈರು ಅವನ ಕೈಯಾಗ ಯಾಕ ಕೊಟ್ಟಿ ಅಂತ ನಿಮ್ಮನ್ನ ಹಿಡೀತಾರ. ಸರ್ಟಿಫಿಕೇಟ್ ಹೋಗತೈತಿ, ಕ್ವಾರಿ ಮುಚ್ಚತೈತಿ. ಹಿಂಗ ಬರಸಿದ್ರ ಯಾರಿಗೂ ತ್ರಾಸಿಲ್ಲ. ಫೋನ್ ಎಣಿಸಾವ್ರು ನೀವೊಬ್ಬರ, ಸತ್ತಾವ ಬಂದು ಅಲ್ಲ ಅನ್ನೂದಿಲ್ಲ." ಮೈಲಾರೆಪ್ಪ ತಲೆ ಆಡಿಸಿದ. ತೋರಿಸಿದ ಕಡೆ ಸಹಿ ಹಾಕಿದ. ಅವನಿಗೆ ಏನೂ ಅನಿಸಲಿಲ್ಲ. ಸಹಿಯ ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

ಯಾರಿಗೂ ತ್ರಾಸಿಲ್ಲ ಎಂದನಲ್ಲ, ಪ್ರೇಮವ್ವನ ನೆನಪು ಇಬ್ಬರಿಗೂ ಆಗಲಿಲ್ಲ. ದುರುಗೇಶನ ದಿನಕರ್ಮದ ಊಟದ ದಿನ ಅವಳು ಮೈಲಾರೆಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ನಾ ಬಾರಿಸಬಾರದಿತ್ತು ಕಾಕಾ" ಎಂದಳು. "ಕ್ವಾರಿಯೊಳಗ ಮದ್ದಿನ ಹೊತ್ತು ಅಂತ ಗೊತ್ತಿತ್ತು ನನಗ. ಫೋನ್ ಡಬ್ಬಿಯೊಳಗ ಇರತೈತಿ ಅಂತ ಬಾರಿಸಿಬಿಟ್ಟೆ. ಅವ ಕಿಸೇದಾಗ ಇಟ್ಕೊಂತಾನಂತ ನನಗೇನು ಗೊತ್ತು?" ಮೈಲಾರೆಪ್ಪ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಉಂಡು ಎದ್ದ. ಉಂಡದ್ದರ ರುಚಿ ಮಾತ್ರ ನೆನಪಿಲ್ಲ.

ಅಂದಿನಿಂದ ಪ್ರೇಮವ್ವ ಫೋನು ಮುಟ್ಟಲಿಲ್ಲ. ಮಗಳು ಭುವನಾ ಹಾವೇರಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳು ಪಕ್ಕದ ಮನೆಯ ರಸೂಲಬಿಗೆ ಫೋನು ಮಾಡಬೇಕು, ರಸೂಲಬಿ ಅಲ್ಲಿಯ ಮಾತನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ದಾಟಿಸಬೇಕು. ತಾಯಿ ಮಗಳು ಒಬ್ಬರ ದನಿ ಒಬ್ಬರು ಕೇಳುವುದು ಭುವನಾ ರಜೆಗೆ ಬಂದಾಗಲೇ. "ಅವ್ವ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನು?" ಎಂದು ಹುಡುಗಿ ಒಂದೊಂದು ಸಲ ಅತ್ತುಬಿಡುತ್ತಿದ್ದಳು, ರಸೂಲಬಿ ಅದನ್ನಷ್ಟು ಬಿಟ್ಟು ಉಳಿದದ್ದನ್ನು ದಾಟಿಸುತ್ತಿದ್ದಳು. ಇದೆಲ್ಲ ಮೈಲಾರೆಪ್ಪನ ಕಿವಿಗೂ ಬೀಳುತ್ತಿತ್ತು, ಬಲಗಿವಿಗೆ. ಎಡಗಿವಿ ತಿರುಗಿ ಬರಲೇ ಇಲ್ಲ.

ಎರಡು ವರ್ಷ ಅವನು ಹೇಗೆ ಬದುಕಿದ ಎಂದರೆ, ಎದ್ದ, ಕೆಲಸಕ್ಕೆ ಹೋದ, ಬಂದ, ಮಲಗಿದ. ವಾಕಿಟಾಕಿ ಸೊಂಟದಲ್ಲೇ ಇತ್ತು. ಹತ್ತು ಫೋನು ಎಣಿಸಿ ಮುಚ್ಚಳ ಹಾಕುತ್ತಿದ್ದ. ತುದಿ ಬಿಚ್ಚುವ ಕೆಲಸವನ್ನು ಇನ್ನೊಬ್ಬರಿಗೆ ಕೊಡಲಿಲ್ಲ, ಕಟ್ಟುವಾಗ ಯಾರೊಂದಿಗೂ, ವಾಕಿಟಾಕಿಯಲ್ಲೂ, ಮಾತಾಡಲಿಲ್ಲ. ಬದುಕಿ ಉಳಿದದ್ದು ಅದೇ ಮೌನದಿಂದ ಎಂದು ಅವನಿಗೆ ಗೊತ್ತಿರಲಿಲ್ಲ. ಅಳಿಯನ ಜೊತೆ ಹರಟೆ ನಿಂತಿತು. ಮೊಮ್ಮಗನ ಜವಳಕ್ಕೆ ಹೋಗಿ ಗೋಡೆಗೆ ಒರಗಿ ಕುಳಿತು ಬಂದ. ಹೆಂಡತಿ ಬೈದಳು, ಆಮೇಲೆ ಹೆದರಿದಳು, ಆಮೇಲೆ ಸುಮ್ಮನಾದಳು. ದುರುಗೇಶನ ಫೋನು ದೇವರ ಮಾಡದ ಗೂಡಿನಲ್ಲಿ ಹನುಮಪ್ಪನ ಫೋಟೋದ ಹಿಂದೆ ಇತ್ತು. ಫೋನಿನಿಂದ ಆದದ್ದಲ್ಲ ಎಂಬುದೊಂದೇ ಅವನಿಗೆ ಗೊತ್ತಿದ್ದದ್ದು. ಮತ್ತೆ ಯಾತರಿಂದ ಎಂದು ಕೇಳಿಕೊಳ್ಳುತ್ತಲೂ ಇರಲಿಲ್ಲ. ಮೋಡವೋ, ಗಾಳಿಯೋ, ಹಣೆಬರಹವೋ ಎಂದು ಬಿಟ್ಟುಬಿಟ್ಟಿದ್ದ.

ಈ ವರ್ಷ ವೈರಿನ ಕೇಪು ಬರುವುದು ನಿಂತಿತು. ಇನ್ನು ಮೇಲೆ ಕರೆಂಟಿಲ್ಲದೆ ಹಾರುವ ಪ್ಲಾಸ್ಟಿಕ್ ನಳಿಗೆಯ ಕೇಪು. ಅದನ್ನು ಕಲಿಸಲು ಸರ್ಟಿಫಿಕೇಟ್ ಇದ್ದವರನ್ನೆಲ್ಲ ಹಾವೇರಿಯ ಒಂದು ಹಾಲಿಗೆ ಕರೆದಿದ್ದರು. ಪಾಠ ಹೇಳಿದವಳು ಪ್ರಿಯಾಂಕಾ ಎಂಬ ಇಂಜಿನಿಯರ್ ಹುಡುಗಿ, ರಾಣೇಬೆನ್ನೂರಿನವಳು. ಮೈಲಾರೆಪ್ಪ ಬಲಗಿವಿ ಮುಂದೆ ಮಾಡಿ ಮೊದಲ ಸಾಲಿನಲ್ಲಿ ಕುಳಿತ.

ಹಳೇ ಕೇಪು ಯಾಕೆ ಬೇಡ ಎಂದು ತೋರಿಸಲು ಅವಳು ಮೇಜಿನ ಮೇಲೆ ಒಂದು ತುಂಡು ವೈರು ಹಾಸಿ, ಅದರ ನಡುವೆ ಜೋಳದ ಕಾಳಿನಷ್ಟು ಬಲ್ಬು ಸಿಗಿಸಿದಳು. ಬ್ಯಾಟರಿ ಇಲ್ಲ, ಪ್ಲಗ್ಗಿಲ್ಲ. ತನ್ನ ಮೊಬೈಲಿನಿಂದ ಯಾರಿಗೋ ಕರೆ ಮಾಡುತ್ತ ಹತ್ತಿರ ಹಿಡಿದಳು. ಬಲ್ಬು ಸುಮ್ಮನಿತ್ತು. ಆಮೇಲೆ ಚೀಲದಿಂದ ವಾಕಿಟಾಕಿ ತೆಗೆದು ಗುಂಡಿ ಒತ್ತಿದಳು. ಬಲ್ಬು ಹತ್ತಿತು. ಬಿಟ್ಟಳು, ಆರಿತು. ಹಾಲಿನಲ್ಲಿ ಗುಜುಗುಜು ಎದ್ದಿತು.

ಮೈಲಾರೆಪ್ಪ ಎದ್ದು ನಿಂತ. "ಮೇಡಂ, ಫೋನಿಗಿಂತ ಇದು ಹೆಚ್ಚೇನ್ರಿ?"

"ಭಾಳ ಹೆಚ್ಚು ರೀ ಅಜ್ಜಾರ. ಫೋನನ್ನೂ ದೂರನ ಇಡಬೇಕು, ಅದು ಖರೇ. ಆದ್ರ ಇದರ ಗುಂಡಿ ಒತ್ತಿದಾಗ ಹೊಂಡೂ ಅಲೆ ಅದಕ್ಕಿಂತ ಎಷ್ಟೋ ಪಟ್ಟು ಜೋರು. ವೈರಿನ ಮಗ್ಗಲದಾಗ ನಿಂತು ಒತ್ತಿದ್ರಂತೂ ಮುಗೀತು, ಆ ವೈರ ಎಲ್ಲಾ ಎಳಕೊಂತೈತಿ."

"ನಾ ಒಮ್ಮೆ ಒತ್ತಲೇನ್ರಿ?"

ಅವಳು ನಗುತ್ತ ಕೊಟ್ಟಳು. ಅವನು ಅದನ್ನು ಬಾಯ ಹತ್ತಿರ ತಂದ, ಗುಂಡಿ ಒತ್ತಿದ. ಬಲ್ಬು ಹತ್ತಿತು. ಬಿಟ್ಟ. ಮತ್ತೆ ಒತ್ತಿದ. ಬಿಟ್ಟ, ಒತ್ತಿದ. ಏಳೆಂಟು ಸಲವಾದ ಮೇಲೆ ಪ್ರಿಯಾಂಕಾ "ಸಾಕ್ರಿ ಅಜ್ಜಾರ" ಎಂದು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡಳು. ಅವನು ಕುರ್ಚಿಗೆ ಬಂದು ಕುಳಿತ. ಎದೆ ಒಡೆಯಬೇಕಿತ್ತು, ಅಳು ಬರಬೇಕಿತ್ತು, ಕನಿಷ್ಠ ಕೈಯಾದರೂ ನಡುಗಬೇಕಿತ್ತು. ಏನೂ ಆಗಲಿಲ್ಲ. ಚಹಾದ ಹೊತ್ತಿಗೆ ಎರಡು ಬಿಸ್ಕೀಟು ಅದ್ದಿಕೊಂಡು ತಿಂದ.

ಮನೆಗೆ ಬಂದು ಫೋಟೋದ ಹಿಂದಿನ ಫೋನು ತೆಗೆದು ಚಾರ್ಜಿಗೆ ಹಾಕಿದ. ಹಳೇ ಗುಂಡಿ ಫೋನು, ಗಟ್ಟಿ ಜೀವ, ಹತ್ತಿಕೊಂಡಿತು. ಸಿಮ್ಮು ಸತ್ತಿತ್ತು. ಆದರೆ ಪರದೆಯ ಮೇಲೆ ಮೂರು ಮಿಸ್ ಕಾಲ್ ಹಾಗೇ ಇದ್ದವು.

ಮರುದಿನ ಬೆಳಿಗ್ಗೆ ಬ್ಯಾಡಗಿಗೆ ಹೋದ. ತೊಟ್ಟು ಮುರಿಯುವ ಶೆಡ್ಡಿನಲ್ಲಿ ಮೂವತ್ತು ನಲವತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಗಳ ಮುಂದೆ ಕುಳಿತಿದ್ದರು. ಪ್ರೇಮವ್ವ ಬಾಗಿಲ ಕಡೆ ಇದ್ದಳು, ಪಕ್ಕದಲ್ಲಿ ರಸೂಲಬಿ. "ಬರ್ರಿ ಕಾಕಾ, ಇಷ್ಟು ದೂರ ಬಂದೀರಿ? ಕುಂದ್ರಿ" ಎಂದು ಪ್ರೇಮವ್ವ ಖಾಲಿ ಚೀಲ ಹಾಸಿದಳು. ಅವನು ಮೊಣಕಾಲು ಹಿಡಿದುಕೊಂಡು ಕುಳಿತ. ಕಿಸೆಯಿಂದ ಫೋನು ತೆಗೆದು ಅವಳ ಮುಂದಿಟ್ಟ.

ಅವಳ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ಫೋನಿನ ಹಿಂಬದಿಗೆ ಅಂಟಿಸಿದ್ದ ಹನುಮಪ್ಪನ ಸ್ಟಿಕ್ಕರು ಅರ್ಧ ಹರಿದಿತ್ತು. ಅದನ್ನು ಹರಿದವಳು ಭುವನಾ, ಸಣ್ಣವಳಿದ್ದಾಗ.

"ಇದು ಎಲ್ಲಿತ್ತು?"

"ಡಬ್ಬಿಯೊಳಗ."

ಮೈಲಾರೆಪ್ಪ ಹೇಳಿದ. ತಲೆ ಬಗ್ಗಿಸಿ, ಒಂದೇ ದನಿಯಲ್ಲಿ, ಯಾರದೋ ಸುದ್ದಿ ಹೇಳುವವನಂತೆ ಹೇಳಿದ. "ಅವತ್ತು ಹನ್ನೊಂದೂ ಫೋನ್ ಡಬ್ಬಿಯೊಳಗ ಇದ್ದೂ. ಅವ ಕಿಸೇದಾಗ ಇಟ್ಕೊಂಡಿರಲಿಲ್ಲ ಪ್ರೇಮವ್ವ. ನೀ ಬಾರಿಸಿದ್ದು ಆಮ್ಯಾಲೆ ಬಂತು, ನಾ ಕಣ್ಣಾರೆ ನೋಡೇನಿ, ಡಬ್ಬಿಯೊಳಗ ಬಂತು. ನಿನ್ನಿಂದ ಆಗಿದ್ದಲ್ಲ. ಕಟ್ಟೂದು ನನ್ನ ಕೆಲಸ, ಮೊಣಕಾಲು ನೋವಂತ ಅವಗ ಬಿಟ್ಟೆ. ವಾಕಿಟಾಕಿ ಗುಂಡಿ ಒತ್ತಿದಾವನೂ ನಾನ. ಅದರಿಂದನ ಆಗಿರಬೇಕು. ನಿನ್ನೆ ಹಾವೇರ್ಯಾಗ ಬಲ್ಬು ಹಚ್ಚಿ ತೋರಿಸಿದ್ರು."

ಪ್ರೇಮವ್ವ ಒಂದು ಮೆಣಸಿನಕಾಯಿ ತೆಗೆದುಕೊಂಡು ತೊಟ್ಟು ಮುರಿದಳು. ಇನ್ನೊಂದು ಮುರಿದಳು. ರಸೂಲಬಿ ಕೈ ಬಿಟ್ಟು ಇವರನ್ನೇ ನೋಡುತ್ತಿದ್ದಳು. ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಮೈಲಾರೆಪ್ಪ ಬಂದಿದ್ದ.

"ಗುಂಡಿ ಒತ್ತಿದ್ರ ಹಿಂಗ ಆಗತೈತಿ ಅಂತ ನಿನಗ ಅವತ್ತು ಗೊತ್ತಿತ್ತೇನು?" ಎಂದಳು ಕಡೆಗೆ. ಇಷ್ಟು ವರ್ಷದಲ್ಲಿ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು.

"ಇಲ್ಲ ಯವ್ವಾ. ನಿನ್ನೇನ ಗೊತ್ತಾಗಿದ್ದು."

"ಅದನ್ನ ಬಿಡು. ಈ ಫೋನ್ ಡಬ್ಬಿಯೊಳಗ ಇತ್ತು ಅನ್ನೂದು?"

ಮೈಲಾರೆಪ್ಪ ಹೌದೆಂದು ತಲೆ ಆಡಿಸಿದ.

"ಎರಡು ವರ್ಷ ನಿನ್ನ ಮನ್ಯಾಗಿತ್ತು" ಎಂದಳು ಪ್ರೇಮವ್ವ. "ನಾ ಗಂಡನ್ನ ಕೊಂದೇನಿ ಅಂತ ದಿನಾ ಎದ್ದು ಮಾರಿ ತೊಳಕೊಂತಿದ್ದೆ. ನನ್ನ ಮನಿಗೆ ಬಂದು, ನನ್ನ ಮುಂದ ಕುಂತು ಉಂಡು ಹೋದಿ."

ಆಗ ಅವನಿಗೆ ತಾಗಿತು. ನಿನ್ನೆ ಬಲ್ಬು ಹತ್ತಿದಾಗ ಏನೂ ಆಗದ ಎದೆಯಲ್ಲಿ ಎಲ್ಲೋ ಒಂದು ಕಡೆ, ಮರಗಟ್ಟಿದ ಕಾಲಿಗೆ ರಕ್ತ ಹರಿಯತೊಡಗಿದಾಗ ಆಗುವಂಥ ಚುಚ್ಚು. ಕ್ಷಮೆ ಕೇಳುವುದಕ್ಕೂ ತನಗೆ ಮುಖವಿಲ್ಲ ಎಂದು ಅವನಿಗೆ ಅರ್ಥವಾಯಿತು.

ಪ್ರೇಮವ್ವ ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು, ಬೆರಳು ಬೆರಳಿನ ಸಂದೂ ಒರೆಸಿದಳು. "ರಸೂಲಬಿ, ಭುವನಾಗ ಹಚ್ಚಿ ಕೊಡವಾ ಇಲ್ಲೆ" ಎಂದಳು. ರಸೂಲಬಿ ತಡಬಡಿಸಿ ಫೋನು ಹಚ್ಚಿ ಕೊಟ್ಟಳು. ಪ್ರೇಮವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು.

"ಹಲೋ... ಹೌದು, ನಾನ. ಅವ್ವ... ಅಳಬ್ಯಾಡ, ಕೇಳಿಲ್ಲೆ. ನಿಮ್ಮಪ್ಪ ಫೋನ್ ಡಬ್ಬಿಯೊಳಗ ಇಟ್ಟಿದ್ದನಂತ... ಹೌದು, ಇಟ್ಟಿದ್ದನಂತ. ಹೇಳಿದ್ದು ಕೇಳಿದ್ದ ಅವ."

ಆಮೇಲೆ ಬಹಳ ಹೊತ್ತು ಆ ಕಡೆಯ ಮಾತು ಕೇಳುತ್ತ ಕುಳಿತಳು. ಫೋನು ರಸೂಲಬಿಗೆ ಮರಳಿಸಿ, ಮೈಲಾರೆಪ್ಪನ ಕಡೆ ನೋಡಿದಾಗ ಅವಳ ಕಣ್ಣು ಒಣಗಿದ್ದವು.

"ಕಾಗದದಾಗ ಅವನ ತಪ್ಪು ಅಂತ ಐತಿ. ಎಲ್ಲಿ ಬರಸೀರೋ ಅಲ್ಲಿಗೆ ಹೋಗಿ ತಿದ್ದಿಸ್ಕೊಂಡು ಬಾ. ಸರ್ಟಿಫಿಕೇಟ್ ಹೋದ್ರ ಹೋಗಲಿ."

"ಹೂಂ" ಎಂದ ಮೈಲಾರೆಪ್ಪ.

"ಮತ್ತ ಆ ಡಬ್ಬಿ ನನ್ನದು. ಈಗ ಹೋಗಿ ತಂದುಕೊಡು."

ಅವನು ಗೋಡೆ ಹಿಡಿದುಕೊಂಡು ಎದ್ದ. ಮೊಣಕಾಲು ಸಿಡಿಯಿತು. ಕ್ವಾರಿಯ ಕಡೆ ಹೋಗುವ ಅದೇ ಬುತ್ತಿಯ ಟೆಂಪೋ ಹನ್ನೆರಡಕ್ಕೆ ಹೊರಡುತ್ತಿತ್ತು. ಅದರಲ್ಲಿ ಕುಳಿತು ಡಬ್ಬಿ ತರಲು ಹೋದ.